ನಿಮಗಿದು ಗೊತ್ತೆ?: ಘಾನಾಗೆ ಹೊರಡುವ ಮುನ್ನ

● ಪಶ್ಚಿಮ ಆಫ್ರಿಕಾದ ಘಾನಾಗೆ ಹೋಗಲು ಪಾಸ್‌ಪೋರ್ಟ್, ವೀಸಾ ಇದ್ದರಷ್ಟೇ ಸಾಲದು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವೂ ಬೇಕು.

● ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಈ ಪತ್ರಕ್ಕೆ ಮಾನ್ಯತೆ. ಹಿಂದೆ 10 ವರ್ಷಕ್ಕೊಮ್ಮೆ ಚುಚ್ಚುಮದ್ದು ಪಡೆಯಬೇಕಿತ್ತು. 2016ರ ಜುಲೈನಿಂದ ಒಮ್ಮೆ ಪಡೆದ ಪತ್ರ ಜೀವನಪೂರ್ತಿ ಊರ್ಜಿತ.

● ಈ ಲಸಿಕೆಯನ್ನು ತಯಾರಿಸುವುದು ಕೋಳಿಮೊಟ್ಟೆಯಲ್ಲಿ. ಮೊಟ್ಟೆ ಒಗ್ಗದವರು ವೈದ್ಯರಿಗೆ ಮೊದಲೇ ತಿಳಿಸಬೇಕು.

● ಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ 6 ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು.

● ಮಲೇರಿಯಾಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಯನ್ನು ಹೊರಡುವ ಮೊದಲೇ ಶುರುಮಾಡಿ, ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು.

● ನವೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾ ಕಡೆಯಿಂದ ‘ಹರ್ಮಟಾನ್’ ಎಂಬ ಒಣಗಾಳಿ ದೂಳು ಹೊತ್ತು ಬೀಸುತ್ತದೆ. ತುಟಿ, ಚರ್ಮ ಬಿರಿಯುತ್ತವೆ. ಮಾಸ್ಕ್, ವ್ಯಾಸಲೀನ್ ಜೊತೆಗಿರಲಿ.

● ಸೈನಿಕರ ಸಮವಸ್ತ್ರದಂಥ ಹಸಿರು ಮಚ್ಚೆಯ ಬಟ್ಟೆಯನ್ನು ನಾಗರಿಕರು ತೊಡುವುದಕ್ಕೆ ಅಲ್ಲಿ ನಿಷೇಧವಿದೆ. ಪ್ಯಾಂಟ್, ಟೋಪಿ ತುಂಬುವಾಗ ಗಮನಿಸಿ.

● ಅಲ್ಲಿನ ಹಣ ‘ಸೇಡಿ’. 2007ರಲ್ಲಿ 10,000 ಹಳೆ ಸೇಡಿಯನ್ನು 1 ಹೊಸ ಸೇಡಿ ಮಾಡಲಾಯಿತು. ಹಳೆಯ ನೋಟು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

● ಹಣವನ್ನಾಗಲಿ ವಸ್ತುವನ್ನಾಗಲಿ ಎಡಗೈಯಲ್ಲಿ ಕೊಡುವುದು ನಮ್ಮಲ್ಲಿಯಂತೆ ಅಲ್ಲಿಯೂ ಅಗೌರವ.

● ಘಾನಾದ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ಮನೆಗೆ ಫೋನ್ ಮಾಡುವ ಮುನ್ನ ಲೆಕ್ಕ ಹಾಕಿ.

ಲಸಿಕೆ ಸಿಗುವುದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಟಿಕೆಟ್ ಕಾಯ್ದಿರಿಸುವ ಮುನ್ನವೇ ಅಲ್ಲಿ ದಿನಾಂಕ ಗೊತ್ತುಮಾಡಿಕೊಳ್ಳಿ.