ಸತ್ಯ ಸಚಿವಾಲಯದ ಬರಹಗಾರ

ಯುದ್ಧ ಬಂದಾಗ ಸರಕಾರಕ್ಕೆ ಸೈನಿಕರಂತೆಯೇ ಬರಹಗಾರರೂ ಬೇಕಾಗುತ್ತಾರೆ. ಹಾಗೆ ಲೇಖನಿ ಹಿಡಿದವನ ಅಂತರಂಗದ ತೊಳಲಾಟವನ್ನು ಅರಿಯಲು ನನಗೆ ನೆರವಾದುದು ಜಾರ್ಜ್ ಆರ್ವೆಲ್ಲನ ‘ನೈನ್‌ಟೀನ್ ಎಯ್ಟಿ-ಫೋರ್’ ಕಾದಂಬರಿ. ೧೯೪೯ರಲ್ಲಿ ಪ್ರಕಟವಾದ ಇದು, ಆಗ ಇನ್ನೂ ಬಾರದಿದ್ದ ಕಾಲವೊಂದನ್ನು ಕಲ್ಪಿಸಿ ಬರೆದ ಕಥೆ.

ಕಥಾನಾಯಕ ವಿನ್‌ಸ್ಟನ್ ಸ್ಮಿತ್ ‘ಸತ್ಯ ಸಚಿವಾಲಯ’ದ ನೌಕರ. ಹೆಸರು ಸತ್ಯದ್ದಾದರೂ ಕೆಲಸ ಸುಳ್ಳಿನದು. ಸರಕಾರದ ಇಂದಿನ ಮಾತಿಗೆ ಹೊಂದುವಂತೆ ಅವನು ಹಳೆಯ ಪತ್ರಿಕೆಗಳ ವರದಿಗಳನ್ನು ತಿದ್ದಬೇಕು. ಯುರೇಷಿಯದೊಡನೆ ನಡೆಯುತ್ತಿದ್ದ ಯುದ್ಧ ಹಠಾತ್ತನೆ ಈಸ್ಟೇಷಿಯದ ಮೇಲೆ ತಿರುಗಿದಾಗ, ಶತ್ರು ಮೊದಲಿನಿಂದಲೂ ಈಸ್ಟೇಷಿಯವೇ ಎಂದು ದಾಖಲೆಗಳನ್ನು ಬದಲಿಸಲು ಅವನು ಐದು ದಿನಗಳಲ್ಲಿ ೯೦ ಗಂಟೆಗಳಿಗೂ ಮೀರಿ ದುಡಿಯುತ್ತಾನೆ.

ಆಳುವ ಪಕ್ಷವನ್ನು ಅವನು ಒಳಗೊಳಗೇ ದ್ವೇಷಿಸುತ್ತಾನೆ. ಗುಟ್ಟಾಗಿ ದಿನಚರಿ ಬರೆಯುತ್ತಾನೆ. ಆದರೂ ಆ ಕೆಲಸದ ಕಠಿಣ ಭಾಗಗಳೆಂದರೆ ಅವನಿಗೆ ಪ್ರೀತಿ. ಎಂದೂ ಹುಟ್ಟದ ವೀರಯೋಧನೊಬ್ಬನ ಜೀವನಚರಿತ್ರೆಯನ್ನು ಅವನು ಸರಾಗವಾಗಿ ರಚಿಸಬಲ್ಲ. ಈ ಇಬ್ಬಂದಿಯೇ ಕಥೆಯ ತಿರುಳೆಂದು ನನ್ನ ಎಣಿಕೆ. ಭಯವೊಂದೇ ಅಲ್ಲ, ತನ್ನ ಜಾಣ್ಮೆಯ ಮೇಲಣ ಮೋಹವೂ ಮನುಷ್ಯನನ್ನು ಸುಳ್ಳಿನ ಸೇವೆಗೆ ಕಟ್ಟಿಹಾಕುತ್ತದೆ.

ಆರ್ವೆಲ್ಲನು ೧೯೦೩ರಲ್ಲಿ ಇಂದಿನ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು. ೧೯೪೧ರಿಂದ ೧೯೪೩ರವರೆಗೆ ಬಿ.ಬಿ.ಸಿ.ಯಲ್ಲಿದ್ದು ಭಾರತದ ಶ್ರೋತೃಗಳಿಗಾಗಿ ಯುದ್ಧವಾರ್ತೆಗಳ ವಿಮರ್ಶೆ ಬರೆದನು. ಸಾಮ್ರಾಜ್ಯಶಾಹಿಯ ವಿರೋಧಿಯಾದ ಅವನು, ನಾಟ್ಸಿಗಳ ಸೋಲಿಗಾಗಿ ಆ ಸಾಮ್ರಾಜ್ಯದ ಪರವಾಗಿಯೇ ಸೆನ್ಸಾರಿಗೆ ಒಳಪಟ್ಟು ಬರೆಯಬೇಕಾಯಿತು. ವಿನ್‌ಸ್ಟನ್ನನ ಸಂಕಟ ಅವನಿಗೆ ಅಪರಿಚಿತವಾಗಿರಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ಕೊಟ್ಟ ಪಕ್ಷವನ್ನು ಸಮರ್ಥಿಸಿ ಬಹುಮಾನ ಪಡೆಯುವ ವಿದ್ಯಾರ್ಥಿಗಳು ನಾವು. ನಾಳೆ ಪತ್ರಿಕೆಗೋ ಸರಕಾರಕ್ಕೋ ಬರೆಯಲು ಕುಳಿತಾಗ, ವಾಕ್ಯ ಚೆನ್ನಾಗಿದೆಯೇ ಎಂದು ಕೇಳುವ ಮೊದಲು ಅದು ನಿಜವೇ ಎಂದು ಕೇಳಿಕೊಳ್ಳುವ ಅಭ್ಯಾಸ ನಮಗಿರಲಿ.