ಟೆಕ್ಸಾಸಿನ ಹಿಮ, ರಾಯಚೂರಿನ ತಂತಿ

ಟೆಕ್ಸಾಸ್ ಎಂದರೆ ಬಿಸಿಲಿನ ನಾಡು. ಬೇಸಿಗೆಯಲ್ಲಿ ನಮ್ಮ ಕಲಬುರಗಿಯನ್ನು ನೆನಪಿಸುತ್ತದೆ. ಅಲ್ಲಿ ಮನೆ ಕಟ್ಟುವುದೂ ಸೆಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ. ಎಷ್ಟೋ ಮನೆಗಳಲ್ಲಿ ನೀರಿನ ಪೈಪುಗಳು ಅಟ್ಟದಲ್ಲೇ ಹಾದುಹೋಗಿರುತ್ತವೆ. ಪುಣೆಗೆ ಬರುವ ಮೊದಲು ಕೆಲಸದ ಮೇಲೆ ನಾವು ಆ ರಾಜ್ಯದ ಆಸ್ಟಿನ್‌ನಲ್ಲಿದ್ದೆವು. 2021ರ ಫೆಬ್ರುವರಿಯಲ್ಲಿ ಅಲ್ಲಿ ಸುಮಾರು 15 ಸೆಂಟಿಮೀಟರ್ ಹಿಮ ಬಿತ್ತು. ಉಷ್ಣಾಂಶ ಮೈನಸ್ 13 ಡಿಗ್ರಿಯ ಆಸುಪಾಸಿಗೆ ಇಳಿಯಿತು. ಚಿಕಾಗೊದಲ್ಲಿದ್ದ ಗೆಳೆಯ ಫೋನಿನಲ್ಲಿ ನಕ್ಕ: "ಇಷ್ಟಕ್ಕೇ ಹೆದರಿಬಿಟ್ಯೇನೋ?" ಅವನ ಊರಿಗೆ ಅದು ಮಾಮೂಲಿ. ನಮ್ಮನ್ನು ಕಾಡಿದ್ದು ಹಿಮಕ್ಕಿಂತ ಹೆಚ್ಚಾಗಿ ಕರೆಂಟು.

ಫೆಬ್ರುವರಿ 15ರ ನಸುಕಿನಲ್ಲಿ ಕರೆಂಟು ಹೋಯಿತು. ಸರದಿಯಂತೆ ಸ್ವಲ್ಪ ಹೊತ್ತು ತೆಗೆಯುತ್ತಾರೆ ಎಂದು ಕೇಳಿದ್ದೆವು, ನಮ್ಮ ಲೋಡ್ ಶೆಡ್ಡಿಂಗ್ ಹಾಗೆ. ನಮ್ಮ ಬೀದಿಗೆ ಅದು ವಾಪಸು ಬಂದದ್ದು ಮೂರು ದಿನದ ಮೇಲೆ. ಹೀಟರ್, ಒಲೆ, ಬಿಸಿನೀರು ಎಲ್ಲವೂ ಕರೆಂಟಿನವೇ. ಮೂರು ವರ್ಷದ ಮಗಳಿಗೆ ಇದ್ದಬದ್ದ ಸ್ವೆಟರುಗಳನ್ನೆಲ್ಲ ಹಾಕಿದರೂ ಕೈ ತಣ್ಣಗೇ ಇತ್ತು. ರಸ್ತೆ ಗಾಜಿನಂತೆ ಜಾರುತ್ತಿತ್ತು, ಕಾರು ತೆಗೆಯುವಂತಿರಲಿಲ್ಲ. ಬುಧವಾರ ನಲ್ಲಿಯೂ ನಿಂತಿತು. ಬಕೆಟ್ ತುಂಬ ಹಿಮ ತಂದು ಕರಗಿಸಿದರೆ ತಳದಲ್ಲಿ ಸಿಗುತ್ತಿದ್ದದ್ದು ಒಂದೆರಡು ಚೊಂಬು ನೀರು, ಅದು ಟಾಯ್ಲೆಟ್ಟಿಗೆ.

ಎರಡು ಬೀದಿ ಆಚೆ ಹುಬ್ಬಳ್ಳಿಯವರೊಬ್ಬರ ಮನೆಯಿತ್ತು. ಅವರಿಗೂ ಕರೆಂಟಿಲ್ಲ, ಆದರೆ ಕಡ್ಡಿ ಗೀರಿದರೆ ಹೊತ್ತುವ ಗ್ಯಾಸ್ ಒಲೆಯಿತ್ತು. ಕೊರೊನಾ ಕಾಲ, ನಮಗ್ಯಾರಿಗೂ ಲಸಿಕೆ ಆಗಿರಲಿಲ್ಲ. ಹೋಗಲು ಹಿಂಜರಿದಾಗ ಆ ಅಕ್ಕನೇ ಫೋನ್ ಮಾಡಿ, "ಕೊರೊನಾ ಆಮ್ಯಾಲೆ ನೋಡೋಣಂತ್ರಿ, ಮೊದಲ ಕೂಸಿನ್ನ ಕರ್ಕೊಂಡ ಬರ್ರಿ" ಎಂದರು. ಎರಡು ರಾತ್ರಿ ಏಳು ಜನ ಒಂದೇ ಕೋಣೆಯಲ್ಲಿ ಮಲಗಿದೆವು. ಒಲೆಯನ್ನು ಅಡುಗೆಗೆ ಮಾತ್ರ ಹಚ್ಚಿದೆವು, ಅದೂ ಕಿಟಕಿ ತುಸು ತೆರೆದು. ಅದೇ ವಾರ ಚಳಿ ತಾಳಲಾರದೆ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು, ಮನೆಯೊಳಗೆ ಇದ್ದಿಲು ಹೊತ್ತಿಸಿ ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತವರಿದ್ದಾರೆ. ರಾಜ್ಯದ ಲೆಕ್ಕದಲ್ಲೇ ಆ ಚಳಿಗೆ ಬಲಿಯಾದವರು 246 ಮಂದಿ.

ಇಷ್ಟು ಶ್ರೀಮಂತ ರಾಜ್ಯದಲ್ಲಿ ಹೀಗೇಕಾಯಿತು? ಅನಿಲ ಬಾವಿಗಳು, ಪೈಪುಗಳು ಹೆಪ್ಪುಗಟ್ಟಿ ವಿದ್ಯುತ್ ಸ್ಥಾವರಗಳಿಗೆ ಅನಿಲ ಬರಲಿಲ್ಲ. ಕರೆಂಟು ಕಡಿತಗೊಳಿಸಿದಾಗ ಅನಿಲ ಪೂರೈಸುವ ಘಟಕಗಳದ್ದೂ ಹೋಯಿತು. ಅನಿಲ ಇನ್ನಷ್ಟು ಕಡಿಮೆಯಾಯಿತು. ಗಾಳಿಯಂತ್ರ, ಕಲ್ಲಿದ್ದಲು, ಅಣುಸ್ಥಾವರ ಎಲ್ಲದರಲ್ಲೂ ಚಳಿಯ ತೊಂದರೆ ಕಂಡಿತು. ಇಡೀ ಗ್ರಿಡ್ ಕುಸಿಯಲು ಉಳಿದಿದ್ದದ್ದು 4 ನಿಮಿಷ 37 ಸೆಕೆಂಡು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. 2011ರ ಚಳಿಯಲ್ಲೂ ಹೀಗಾಗಿ, ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಿ ಎಂಬ ಶಿಫಾರಸು ಬಂದಿತ್ತು. ಅದು ಕಡ್ಡಾಯವಾಗಿರಲಿಲ್ಲ. ಕಾನೂನು ಬಂದದ್ದು 2021ರ ದುರಂತದ ನಂತರ.

ಇನ್ನೊಂದು ಕಾರಣ ಒಂಟಿತನ. ಟೆಕ್ಸಾಸಿನ ಬಹುಭಾಗದ ಗ್ರಿಡ್ ಬೇರೆ ರಾಜ್ಯಗಳೊಂದಿಗೆ ಸೇರದೆ ಸ್ವತಂತ್ರವಾಗಿದೆ. ಕಷ್ಟಕಾಲಕ್ಕೆ ಹೊರಗಿನಿಂದ ತರಿಸಬಹುದಾದ ವಿದ್ಯುತ್ ಬಹಳ ಕಡಿಮೆ. ಅದೇ ರಾಜ್ಯದ ಎಲ್ ಪಾಸೊ ನಗರ ಪಶ್ಚಿಮದ ಗ್ರಿಡ್‌ಗೆ ಸೇರಿದೆ, 2011ರ ನಂತರ ಚಳಿಗೆ ಸಿದ್ಧತೆಯನ್ನೂ ಮಾಡಿಕೊಂಡಿತ್ತು. ಅಲ್ಲಿ ಕರೆಂಟು ಹೋದದ್ದು ಕೆಲವರಿಗಷ್ಟೇ, ಅದೂ ಸ್ವಲ್ಪ ಹೊತ್ತು.

ನಮ್ಮಲ್ಲಿ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದೊಂದಿಗೆ ಒಂದಾಗಿ ಮಿಡಿಯತೊಡಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದಿಂದ. ಕೂಡಿಬಾಳುವುದರಲ್ಲೂ ಅಪಾಯವಿದೆ: 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಭಾರತ ಕತ್ತಲಾದಾಗ ದಕ್ಷಿಣ ಪಾರಾದದ್ದು ಬೇರೆಯಾಗಿ ಇದ್ದದ್ದರಿಂದಲೇ. ಆದರೂ ಆ ಮೂರು ದಿನಗಳನ್ನು ಕಂಡಮೇಲೆ ನನಗೆ ಜೋಡಿಸಿದ ತಂತಿಯೇ ಮೇಲೆನಿಸುತ್ತದೆ. ಪುಣೆಯಿಂದ ಸೊಲ್ಲಾಪುರದ ಮೇಲೆ ಊರಿಗೆ ಹೋಗುವವರು ಒಮ್ಮೆ ಕಿಟಕಿಯಾಚೆ ಆ ಎತ್ತರದ ಗೋಪುರಗಳನ್ನು ಗಮನಿಸಿ. ನಮ್ಮ ಎರಡು ರಾಜ್ಯಗಳ ನಡುವೆ ಜಗಳ ಏನೇ ಇರಲಿ, ಕಡಕೊಟ್ಟು ಕಡತರುವ ನೆರೆಹೊರೆ ಅಲ್ಲಿ ದಿನವೂ ನಡೆದಿದೆ.