ಮೊಳಕಾಲ್ಮುರು ಅಭ್ಯರ್ಥಿಯ ನಿಲುವು ಮತ್ತು ಮೀಸಲಾತಿ ಕಾಯ್ದೆ

ಪ್ರಶ್ನೆ: 2018ರಲ್ಲಿ ಮೊಳಕಾಲ್ಮುರಿನಿಂದ ಗೆದ್ದ ಬಿ. ಶ್ರೀರಾಮುಲು ಅವರ ಮೀಸಲಾತಿ ನಿಲುವು ಎಷ್ಟರಮಟ್ಟಿಗೆ ಈಡೇರಿತು?

ಉತ್ತರ: ಮೊಳಕಾಲ್ಮುರು ಮತ್ತು ನೆರೆಯ ಚಳ್ಳಕೆರೆ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ, ಅಂದರೆ ಆ ಪಂಗಡದವರು ಮಾತ್ರ ಸ್ಪರ್ಧಿಸಬಹುದಾದ ಕ್ಷೇತ್ರಗಳಾಗಿದ್ದು, ಆ ಪಂಗಡಕ್ಕೆ ಸೇರಿದ ನಾಯಕ ಸಮುದಾಯದ ಬೇಡಿಕೆಗಳು ಇಲ್ಲಿನ ಚುನಾವಣೆಗಳಲ್ಲಿ ಸಹಜವಾಗಿಯೇ ಮುನ್ನೆಲೆಗೆ ಬರುತ್ತವೆ. ರಾಜ್ಯದಲ್ಲಿ ಶೇ. 3ರಷ್ಟಿದ್ದ ಪಂಗಡದ ಮೀಸಲಾತಿಯನ್ನು ಕೇಂದ್ರದಲ್ಲಿರುವಂತೆ ಶೇ. 7.5ಕ್ಕೆ ಏರಿಸಬೇಕೆಂಬ ಬೇಡಿಕೆಯನ್ನು ಶ್ರೀರಾಮುಲು ಪ್ರತಿಪಾದಿಸಿದ್ದರು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ್ ದಾಸ್ ಅವರ ವರದಿಯನ್ನು ಆಧರಿಸಿ 2022ರಲ್ಲಿ ರಾಜ್ಯದ ಬಿಜೆಪಿ ಸರ್ಕಾರವು ಪಂಗಡದ ಪಾಲನ್ನು ಶೇ. 7ಕ್ಕೆ, ಪರಿಶಿಷ್ಟ ಜಾತಿಯ ಪಾಲನ್ನು ಶೇ. 15ರಿಂದ 17ಕ್ಕೆ ಹೆಚ್ಚಿಸಿತು. ಇದರಿಂದ ಒಟ್ಟು ಮೀಸಲಾತಿ ಶೇ. 56ಕ್ಕೇರಿ, 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಶೇ. 50ರ ಮಿತಿಯನ್ನು ದಾಟಿದ್ದರಿಂದ, ಕಾಯ್ದೆಗಳಿಗೆ ನ್ಯಾಯಾಲಯದ ಪರಿಶೀಲನೆಯಿಂದ ಒಂದಷ್ಟು ರಕ್ಷಣೆ ನೀಡುವ ಸಂವಿಧಾನದ ಒಂಬತ್ತನೇ ಅನುಸೂಚಿಯ ಪ್ರಶ್ನೆ ಎದುರಾಯಿತು. ಆ ಅನುಸೂಚಿಗೆ ಸೇರಿಸುವ ಅಧಿಕಾರ ಸಂಸತ್ತಿನದು. ಶಾಸಕನ ಮಾತಿನ ವ್ಯಾಪ್ತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮತದಾರರಿಗೆ ತಿಳಿಸಿ ಹೇಳುವುದು ಅಭ್ಯರ್ಥಿಯ ಹೊಣೆ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಬಗ್ಗೆ ಅಭ್ಯರ್ಥಿಗಳು ಕೊಡುವ ಮಾತೂ ಹೀಗೆಯೇ: ಕೇಂದ್ರವು 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿತಾದರೂ, ಈ ಬರಸೀಮೆಯ ಶೇಂಗಾ ಬೆಳೆಗಾರರಿಗೆ ಮುಖ್ಯವಾದುದು ಹೊಲಕ್ಕೆ ತಲುಪುವ ನೀರು.